ಮೊದಲು ಯಾರು?
(ಶತಮಾನೋತ್ಸವದ ಅಂಗವಾಗಿ ನಮ್ಮ ಧರ್ಮಕೇಂದ್ರದ ದಾದಿಯರನ್ನು ಸನ್ಮಾನಿಸಿದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ದಾದಿಯರ ತ್ಯಾಗ, ಸಹನೆ, ಮಮತೆಗಳನ್ನು ಕೊಂಡಾಡುವುದು ವಾಡಿಕೆ. ಅವೆಲ್ಲವೂ ನಿಜವೇ. ಆದರೆ ಅವರ ವಿದ್ಯೆಯನ್ನು ಕುರಿತು ನಾವು ಮಾತನಾಡುವುದು ಅಪರೂಪ. ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತು, ಬಂದವರಲ್ಲಿ ಯಾರನ್ನು ಮೊದಲು ಒಳಗೆ ಕಳುಹಿಸಬೇಕೆಂದು ಕೆಲವೇ ನಿಮಿಷಗಳಲ್ಲಿ ನಿರ್ಣಯಿಸುವ ದಾದಿಯ ವಿದ್ಯೆಯನ್ನು ಕುರಿತು ನಾನಿಂದು ಹೇಳಬಯಸುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. "ನಾವು ಮೊದಲು ಬಂದವರು, ಆದರೆ ನಮ್ಮ ನಂತರ ಬಂದವರನ್ನು ಒಳಗೆ ಕರೆದರು" ಎಂದು ಆಸ್ಪತ್ರೆಯಲ್ಲಿ ಗದ್ದಲವೆಬ್ಬಿಸಿ, ಆಮೇಲೆ ನನ್ನಲ್ಲಿಯೂ ದೂರಿದವರು ನಮ್ಮಲ್ಲಿದ್ದಾರೆ. "ಫಾದರ್, ಸಿಸ್ಟರಿಗೆ ಒಂದು ಮಾತು ಹೇಳಿ, ನಮ್ಮ ತಂದೆಯವರನ್ನು ಬೇಗ ನೋಡಲಿ" ಎಂದು ಅಲ್ಲಿಂದಲೇ ಫೋನ್ ಮಾಡಿದವರೂ ಇದ್ದಾರೆ. ಆ ಮಾತನ್ನು ನಾನು ಹೇಳುವುದಿಲ್ಲ. ಏಕೆ ಹೇಳುವುದಿಲ್ಲವೆಂಬುದನ್ನು ಇಂದು ವಿವರಿಸಿಬಿಡುತ್ತೇನೆ.

ರೋಗಿಗಳನ್ನು ಹೀಗೆ ವಿಂಗಡಿಸುವುದಕ್ಕೆ 'ಟ್ರಯಾಜ್' ಎಂದು ಹೆಸರು. ಆರಿಸು, ಬೇರ್ಪಡಿಸು ಎಂಬರ್ಥದ ಫ್ರೆಂಚ್ ಪದದಿಂದ ಅದು ಬಂದಿದೆ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಡೊಮಿನಿಕ್ ಲಾರೆ (1766–1842) ಎಂಬಾತನು, ಅಧಿಕಾರಿ ಯಾರು ಸಿಪಾಯಿ ಯಾರು ಎಂದು ನೋಡದೆ, ಗಾಯದ ತೀವ್ರತೆಯನ್ನು ನೋಡಿಯೇ ಚಿಕಿತ್ಸೆಯ ಸರದಿಯನ್ನು ಗೊತ್ತುಮಾಡಿದನು. ಪದವಿಗೆ ತಲೆಬಾಗುತ್ತಿದ್ದ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಇಂದು ಹಲವು ಪದ್ಧತಿಗಳಿವೆ. 1990ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಐದು ಬಣ್ಣಗಳು: ಕೆಂಪಿನವರನ್ನು ತಕ್ಷಣ ನೋಡಬೇಕು, ಕಿತ್ತಳೆಯವರನ್ನು 10 ನಿಮಿಷಗಳೊಳಗೆ, ಹಳದಿಯವರನ್ನು 60ರೊಳಗೆ, ಹಸಿರಿನವರು 120 ನಿಮಿಷ, ನೀಲಿಯವರು 240 ನಿಮಿಷಗಳವರೆಗೆ ಕಾಯಬಹುದು. ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಕೆಂಪು, ಹಳದಿ, ಹಸಿರು ಎಂದು ಮೂರೇ ಬಣ್ಣಗಳು.

ಬಣ್ಣದ ಪಟ್ಟಿ ಕಟ್ಟುವುದು ಯಾರಿಗೂ ಸಾಧ್ಯ. ಯಾರಿಗೆ ಯಾವ ಬಣ್ಣವೆಂದು ಅರಿಯುವುದರಲ್ಲಿದೆ ವಿದ್ಯೆ. ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಹೇಗಿದೆ, ರಕ್ತಸಂಚಾರ ಸರಿಯಿದೆಯೇ, ಪ್ರಜ್ಞೆ ಇದೆಯೇ ಎಂದು ದಾದಿಯು ಕ್ರಮವಾಗಿ ನೋಡುತ್ತಾಳೆ. ವಯಸ್ಕನೊಬ್ಬನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. 30 ದಾಟಿದರೆ ಅದು ಅಪಾಯದ ಸೂಚನೆ. ಉಗುರನ್ನು ಒತ್ತಿ ಬಿಟ್ಟಾಗ ಸುಮಾರು ಎರಡು ಸೆಕೆಂಡುಗಳಲ್ಲಿ ಕೆಂಪು ಮರಳದಿದ್ದರೆ ರಕ್ತಸಂಚಾರ ಕುಗ್ಗಿರಬಹುದು. ರೋಗಿಯ ಬೆರಳನ್ನು ಹಿಡಿದ ದಾದಿಯನ್ನು ಕಂಡು, ಸುಮ್ಮನೆ ಸಮಾಧಾನ ಹೇಳುತ್ತಿದ್ದಾಳೆಂದು ನೀವು ಭಾವಿಸಿರಬಹುದು!

ನಮ್ಮ ಕಣ್ಣಿಗೂ ಅವಳ ಕಣ್ಣಿಗೂ ಇರುವ ಅಂತರ ಇಲ್ಲಿಯೇ. ನಮ್ಮ ಗಮನ ಸದ್ದಿನ ಕಡೆಗೆ ಹೋಗುತ್ತದೆ. ಅವಳ ಗಮನ ಮೌನದ ಕಡೆಗೂ ಹೋಗುತ್ತದೆ. ಕೈ ಮುರಿದುಕೊಂಡು ಗಟ್ಟಿಯಾಗಿ ಅಳುವ ಮಗುವಿನ ಉಸಿರಿನ ದಾರಿಯಾದರೂ ತೆರೆದಿದೆ. ಜ್ವರದಿಂದ ಬಳಲಿ ತಾಯಿಯ ಹೆಗಲ ಮೇಲೆ ಸಪ್ಪಗೆ ಒರಗಿ, ಸೂಜಿ ಚುಚ್ಚಿದರೂ ಅಳದ ಮಗು ಹೆಚ್ಚು ಕಳವಳಕಾರಿ. ಬೈಕಿನಿಂದ ಬಿದ್ದ ಯುವಕನು "ನನಗೇನೂ ಆಗಿಲ್ಲ" ಎನ್ನುತ್ತಾನೆ. ರಕ್ತದೊತ್ತಡವೂ ಸರಿಯಾಗಿಯೇ ಇರುತ್ತದೆ. ಆದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಎಳೆಯ ದೇಹವು ನಾಡಿಯನ್ನು ವೇಗಗೊಳಿಸಿ ಬಹಳ ಹೊತ್ತು ಒತ್ತಡವನ್ನು ಕಾಯ್ದುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆ ವೇಗದ ನಾಡಿ, ತಣ್ಣಗಿನ ಬೆವರಿದ ಕೈ, ಇವೇ ಆಕೆಗೆ ದೊರೆಯುವ ಎಚ್ಚರಿಕೆ. ಮಧುಮೇಹವಿರುವ ವೃದ್ಧೆಗೆ ಹೃದಯಾಘಾತವಾದಾಗ ಎದೆನೋವೇ ಇಲ್ಲದಿರಬಹುದು. ಬರೀ ಸುಸ್ತು, ಬೆವರು, ಏದುಸಿರು. "ಗ್ಯಾಸ್ ಇರಬೇಕು" ಎಂದು ಮನೆಯವರು ಹೇಳುತ್ತಿರುವಾಗಲೇ ದಾದಿಯು ಅವರನ್ನು ಇ.ಸಿ.ಜಿ.ಗೆ ಕಳುಹಿಸುತ್ತಾಳೆ. ಬಂದ 10 ನಿಮಿಷಗಳೊಳಗೆ ಅದು ಆಗಬೇಕೆಂಬುದು ನಿಯಮ.

ನಮ್ಮ ಕೃಷಿಕರು ಅರಿತಿರಬೇಕಾದ ಇನ್ನೊಂದು ಸಂಗತಿ. ಕಡಂಬಳವೆಂದೂ ಕಟ್ಟುಹಾವೆಂದೂ ಕರೆಯುವ ಹಾವು ಕಚ್ಚಿದಲ್ಲಿ ನೋವಾಗಲಿ ಬಾವಾಗಲಿ ಬಹುತೇಕ ಇರುವುದಿಲ್ಲ. ಕೆಲವು ಗಂಟೆಗಳ ಬಳಿಕ ರೆಪ್ಪೆಗಳು ಜೋತುಬೀಳುತ್ತವೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ನೆಲದ ಮೇಲೆ ಮಲಗಿದ್ದವನೊಬ್ಬನು ನಸುಕಿನಲ್ಲಿ ಹೊಟ್ಟೆನೋವೆಂದು ಬಂದು, ಅವನ ರೆಪ್ಪೆಗಳು ಭಾರವಾಗಿದ್ದರೆ, ಅನುಭವಿ ದಾದಿ ಅದನ್ನು ನಿದ್ದೆಗಣ್ಣೆಂದು ಬಿಡುವುದಿಲ್ಲ.

ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆಂದು ರಾತ್ರಿ ವೇಳೆ ಕರೆ ಬಂದಾಗ ನಾನು ಆ ಬಾಗಿಲ ಬಳಿ ನಿಂತು ನೋಡಿದ್ದೇನೆ. ಅವಳು ಒಬ್ಬೊಬ್ಬರಿಗೂ ಹೆಚ್ಚು ಹೊತ್ತು ಕೊಡಲಾರಳು. ಅಂತಹವಳ ಕೈಗೆ ಗುರುಗಳ ಶಿಫಾರಸಿನ ಫೋನ್ ಕೊಟ್ಟರೆ, ಹಿಂದೆ ಸದ್ದಿಲ್ಲದೆ ಕುಳಿತಿರುವ ಯಾರದೋ ನಿಮಿಷಗಳನ್ನು ನಾನು ಕಸಿದುಕೊಂಡಂತೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು 2009ರಲ್ಲಿ ನಮ್ಮ ರಾಜ್ಯವು ಕಾನೂನನ್ನೇ ಮಾಡಬೇಕಾಯಿತೆಂಬುದು ನಮಗೆ ಹೆಮ್ಮೆಯ ವಿಷಯವೇನೂ ಅಲ್ಲ.

ಹಸಿರು ಪಟ್ಟಿ ಸಿಕ್ಕಿತೆಂದರೆ ಅಲಕ್ಷ್ಯವೆಂದು ತಿಳಿಯಬೇಡಿ. ಸದ್ಯಕ್ಕೆ ಜೀವಕ್ಕೆ ಅಪಾಯ ಕಾಣುತ್ತಿಲ್ಲವೆಂದು ಅರ್ಥ. ಆದರೆ 'ಸದ್ಯಕ್ಕೆ' ಎಂಬುದೂ ಮುಖ್ಯ. ಕಾಯುತ್ತಿರುವಾಗ ನೋವು ಹೆಚ್ಚಿದರೆ, ಮಂಪರು ಕವಿದರೆ, ಉಸಿರು ಕಟ್ಟಿದರೆ ಸಂಕೋಚಪಡದೆ ದಾದಿಗೆ ತಿಳಿಸಿರಿ. ಆಕೆ ಮತ್ತೆ ಪರೀಕ್ಷಿಸಿ ಬಣ್ಣವನ್ನು ಬದಲಿಸುತ್ತಾಳೆ. ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ಬಾಯಿ ಸೊಟ್ಟಗಾಗಿ ಕೈ ಸೋತವರನ್ನು ಕರೆದೊಯ್ದಾಗ, ಅವರು ಕೊನೆಯ ಬಾರಿ ಸರಿಯಾಗಿದ್ದ ಹೊತ್ತನ್ನು ಹೇಳಿರಿ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಉಳಿದದ್ದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿಯೇ ಕುಳಿತಿದ್ದಾರೆ. ಚಹಾದ ನಂತರ ಸಭಾಂಗಣದಲ್ಲಿ ನಮ್ಮ ದಾದಿಯರು ನಾಡಿ ಹಾಗೂ ಉಸಿರನ್ನು ಎಣಿಸುವ ಕ್ರಮವನ್ನು ತೋರಿಸಿಕೊಡಲಿದ್ದಾರೆ. ಗಡಿಯಾರವುಳ್ಳವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂದು ವಿನಂತಿ.