ಖಿಚಡಿ ಮಾವಶಿಯರ ಬಗ್ಗೆ ಎರಡು ಮಾತು

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಗೆಳೆಯ ಗೆಳತಿಯರೇ, ಕನ್ನಡ ಶಾಲೆ ಅಂದಕೂಡಲೇ ನಾವು ಮಾಸ್ತರು, ಪುಸ್ತಕ, ಕೋಣೆ ಇಷ್ಟರ ಬಗ್ಗೆನೇ ಮಾತಾಡ್ತೀವಿ. ಇವತ್ತು ಒಲೆ ಮುಂದೆ ಕೂತವರ ಬಗ್ಗೆ ಮಾತಾಡೋಣ.

ನಾವು ಶಾಲೆಗೆ ಸೇರಿದಾಗ ಬಿಸಿ ಊಟ ಇರಲಿಲ್ಲ. ಹಾಜರಿ ಸರಿಯಿದ್ದರೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಚೀಲದಾಗ ಹಾಕ್ಕೊಂಡು ಮನೆಗೆ ಒಯ್ತಿದ್ವಿ. ಬೇಯಿಸಿದ ಊಟವನ್ನೇ ಕೊಡಬೇಕು ಅಂತ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು, ಆಮೇಲೆ ಖಿಚಡಿ ಬಂತು. ಅಕ್ಕಿ ಮನೆಗೆ ಹೋಗುವಾಗ ಯಾರ ಪಕ್ಕ ಯಾರು ಅನ್ನೋ ಪ್ರಶ್ನೆ ಇರಲಿಲ್ಲ. ಸಾಲಿನಾಗ ಕೂತಾಗ ಬಂತು.

ನಮ್ಮ ಶಾಲೆಗೆ ಅಡುಗೆಗೆ ಬಂದವರು ದಲಿತರ ಓಣಿಯ ಮಾವಶಿ. (ಆಗ ಏಕವಚನದಲ್ಲೇ ಕರೀತಿದ್ವಿ, ಈಗ ನಾಚಿಕೆ ಆಗ್ತದೆ.) ಕೆಲವರು ಮನೆಯಿಂದ ಡಬ್ಬಿ ತರಲಿಕ್ಕೆ ಸುರು ಮಾಡಿದರು. ಸುಳ್ಳು ಯಾಕೆ ಹೇಳೋದು, ನಾವೂ ನಾಲ್ಕು ದಿನ ತಂದ್ವಿ. ಮಾವಶಿ ಜಗಳ ಮಾಡಲಿಲ್ಲ. ಡಬ್ಬಿಯವರಿಗೆ ಬೇರೆ ಮೂಲೆನೂ ಕೊಡಲಿಲ್ಲ, ಅದೇ ಸಾಲಿನಾಗ ಕೂಡಿಸಿದರು. ದಿನಾ ಹೆಸರು ಹಿಡಿದು "ಬೇಕೇನೋ?" ಅಂತ ಕೇಳಿ ಮುಂದೆ ಹೋಗ್ತಿದ್ದರು. ಐದನೇ ದಿನ ನಾವೇ ತಾಟು ಮುಂದೆ ಹಿಡಿದ್ವಿ. ಕಾಲು ಸರಿಯಿಲ್ಲದ ಒಬ್ಬ ಹುಡುಗನಿಗೆ ನೆಲದ ಮೇಲೆ ಕೂಡಲಿಕ್ಕೆ ಆಗ್ತಿರಲಿಲ್ಲ. ಅವನನ್ನು ಕಟ್ಟೆ ಮೇಲೆ ಕೂಡಿಸಿ, ಒಬ್ಬನೇ ಆಗಬಾರದು ಅಂತ ನಮ್ಮಲ್ಲಿ ಇಬ್ಬರನ್ನು ಜೋಡಿ ಕೂಡಿಸ್ತಿದ್ದರು. ಯಾವ ಸಾಹೇಬರೂ ಇದನ್ನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಹೇಳಿದೆ. ಊರಾಗ ಯಾರಾದರೂ "ಅಡುಗೆಯವರನ್ನು ಬದಲಿಸ್ರಿ" ಅಂದರೆ ಈ ತಾರೀಖು ಹೇಳ್ರಿ.

ನಾವೀಗ ಬ್ಯಾಂಕಿನ ಕೌಂಟರಿನಲ್ಲಿ ಕೂಡ್ತೀವಿ. ಅಂಥ ಮಾವಶಿಯರು ಪಾಸ್‌ಬುಕ್ ಹಿಡ್ಕೊಂಡು "ಈ ಸಲನಾದರೂ ಬಂತೇನ್ರಿ?" ಅಂತ ಕೇಳ್ತಾರೆ. 2009ರಲ್ಲಿ ಕೇಂದ್ರ ಗೊತ್ತು ಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ರಾಜ್ಯ ಅದರ ಮೇಲೆ ತನ್ನದಿಷ್ಟು ಸೇರಿಸ್ತದೆ. ಕಾಮರ್ಸ್ ಓದಿದವರು ನಾವು, ಇದನ್ನು ಯಾವ ಲೆಕ್ಕದಲ್ಲೂ ಸಂಬಳ ಅನ್ನಲಿಕ್ಕೆ ಬರೋದಿಲ್ಲ. ಇನ್ನೊಂದು, 25 ಮಕ್ಕಳವರೆಗೆ ಅಡುಗೆಯವರು ಒಬ್ಬರೇ. ನಮ್ಮ ಸಣ್ಣ ಕನ್ನಡ ಶಾಲೆಗಳಲ್ಲಿ ಬೇಯಿಸೋದು, ಬಡಿಸೋದು, ತೊಳೆಯೋದು ಎಲ್ಲಾ ಒಬ್ಬರ ಕೈಯಾಗ. ಯಾವ ಮಗು ದೂರ ಕೂತಿದೆ ಅಂತ ಅವರು ಯಾವಾಗ ನೋಡಬೇಕು?

ಮರಾಠಿ ಪತ್ರಕ ಬಂದರೆ ಅವರಿಗೆ ಕನ್ನಡದಾಗ ಓದಿ ಹೇಳ್ರಿ. ಶಾಲಾ ಸಮಿತಿಯ ಸಭೆಗೆ ಅವರನ್ನೂ ಕರೀರಿ, ಚಹಾ ಮಾಡಲಿಕ್ಕಲ್ಲ, ಮಾತಾಡಲಿಕ್ಕೆ. ಊಟದ ಹೊತ್ತಿಗೆ ಹೋಗಿ ಮಕ್ಕಳ ಸಾಲಿನಾಗ ಕೂತು ಉಣ್ರಿ. ಎರಡನೇ ಶನಿವಾರ ನಮಗೆ ರಜೆ, ನಾವು ಹೋಗ್ತೀವಿ. ಬರೋರು ತಾಟು ತರ್ರಿ.