ಗದ್ದೆಯ ಖಾತೆಗೆ ಬರೆದ ಅನಿಲ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರಿಂದ ನಾನು ನೇರವಾಗಿ ಪಾಠ ಹೇಳಿಸಿಕೊಂಡವನಲ್ಲ. ಅವರ ಶಿಷ್ಯರ ಶಿಷ್ಯ. ಅವರ ಹೆಸರಿನ ವೇದಿಕೆಗೆ ಕರೆದಿದ್ದೀರಿ, ಋಣಿಯಾಗಿದ್ದೇನೆ.

ಹಸಿರುಮನೆ ಅನಿಲ ಯಾವ ವಲಯದಿಂದ ಎಷ್ಟು ಎಂಬ ಪಟ್ಟಿ ಎಲ್ಲೆಡೆ ಸಿಗುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 2019ರಲ್ಲಿ ಜಗತ್ತು ಹೊರಬಿಟ್ಟದ್ದು, ಇಂಗಾಲದ ಡೈಆಕ್ಸೈಡಿಗೆ ಸಮೀಕರಿಸಿ, ಸುಮಾರು 5,900 ಕೋಟಿ ಟನ್. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೆಯ ವರದಿಯಂತೆ ಅದರಲ್ಲಿ ಇಂಧನ ಪೂರೈಕೆಯ ಪಾಲು ಶೇ. 34, ಕೈಗಾರಿಕೆಯದು 24, ಕೃಷಿ-ಅರಣ್ಯ-ಭೂಬಳಕೆಯದು 22, ಸಾರಿಗೆಯದು 15, ಕಟ್ಟಡಗಳದು 6, ದುಂಡು ಅಂಕಿಗಳು. ವಿದ್ಯುತ್ತಿನ ಹೊಗೆಯನ್ನು ಬಳಸಿದವರ ಖಾತೆಗೆ ಹಾಕಿದಿರೋ, ಕೈಗಾರಿಕೆ 34ಕ್ಕೆ ಏರುತ್ತದೆ, ಕಟ್ಟಡ 16ಕ್ಕೆ. ಹೊಗೆ ಅಷ್ಟೇ, ಖಾತೆ ಬೇರೆ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಆ 22ರೊಳಗೆ ಭತ್ತದ ಗದ್ದೆಯೂ ಇದೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ತೀರಿದ ಮೇಲೆ ಸೂಕ್ಷ್ಮಜೀವಿಗಳು ಮೀಥೇನ್ ತಯಾರಿಸುತ್ತವೆ. ಅದರ ಬಹುಪಾಲು ಭತ್ತದ ಕಾಂಡದೊಳಗಿನ ಗಾಳಿನಾಳಗಳ ಮೂಲಕವೇ ಹೊರಬರುತ್ತದೆ. ನೀರು ಇಳಿದು ಮಣ್ಣಿಗೆ ಗಾಳಿ ಸೋಕಿದರೆ ಆ ಉತ್ಪಾದನೆ ಕುಸಿಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಹೆಕ್ಟೇರ್ ಎನ್ನುವುದಲ್ಲ, ಎಷ್ಟು ದಿನ ನೀರು ನಿಂತಿತ್ತು ಎನ್ನುವುದು.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಪಶ್ಚಿಮದ ಹೊಲಗಳಲ್ಲಿ ಅಳೆದ ದರವನ್ನು ನಮ್ಮ ನಾಲ್ಕು ಕೋಟಿ ಚಿಲ್ಲರೆ ಹೆಕ್ಟೇರಿಗೆ ಗುಣಿಸಿ, ಭಾರತದ ಗದ್ದೆಗಳಿಂದ ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಎಂದಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಮತ್ತು ಸಂಗಡಿಗರು 1991ರಲ್ಲಿ ಗದ್ದೆಗಿಳಿದರು: ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಸಿರಿಂಜಿನಲ್ಲಿ ಗಾಳಿ ಸೆಳೆದು ಅಳೆದರು. ಬಂದ ಅಂಕಿ ಸುಮಾರು 40 ಲಕ್ಷ ಟನ್. ಒಂಬತ್ತು ಪಟ್ಟು ಕಡಿಮೆ! ಇದನ್ನು ‘ಅಂದಾಜಿನ ಅನಿಶ್ಚಿತತೆ’ ಎಂದು ಇಂದಿಗೂ ತೇಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ; ಅದು ಅಳೆಯದೆ ಬರೆದ ಲೆಕ್ಕ. ನಮ್ಮ ಮೇಷ್ಟ್ರು ಪರೀಕ್ಷೆಯಲ್ಲಿ ಉತ್ತರಕ್ಕಿಂತ ಅಳತೆಯ ವಿಧಾನಕ್ಕೆ ಹೆಚ್ಚು ಅಂಕ ಕೊಡುತ್ತಿದ್ದರಂತೆ. ಈ ಉತ್ತರಪತ್ರಿಕೆಗೆ ಏನು ಕೊಡುತ್ತಿದ್ದರೋ!

ಕರಾವಳಿಯ ರೈತನನ್ನು ಕೇಳಿದ್ದರೂ ಸಾಕಿತ್ತು. ಅವನಿಗೆ ಬೈಲು, ಮಜಲು, ಬೆಟ್ಟು ಮೂರೂ ಬೇರೆ ಗದ್ದೆಗಳು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಬೆಟ್ಟು ಮಳೆಯನ್ನೇ ನಂಬಿದೆ, ಮಜಲು ಇವೆರಡರ ನಡುವಿನದು. ಐಪಿಸಿಸಿಯ 1996ರ ಮಾರ್ಗಸೂಚಿ ಅದೇ ದಾರಿಗೆ ಬಂತು: ಸದಾ ನೀರು ನಿಂತ ಗದ್ದೆಯ ಮೀಥೇನಿಗೆ 1 ಎಂದರೆ, ಒಮ್ಮೆ ಬಸಿದದ್ದಕ್ಕೆ 0.5, ಹಲವು ಸಲ ಬಸಿದದ್ದಕ್ಕೆ 0.2. ಮುಂದೆ ಭಾರತ ವಿಶ್ವಸಂಸ್ಥೆಗೆ ಕೊಟ್ಟ 1994ರ ಸಾಲಿನ ಲೆಕ್ಕದಲ್ಲಿ ಗದ್ದೆಯದು 40.9 ಲಕ್ಷ ಟನ್. ಜಾನುವಾರುಗಳ ಮೆಲುಕಿನದು ಅದರ ಇಮ್ಮಡಿಗಿಂತ ಹೆಚ್ಚು.

ಇನ್ನು ನಮ್ಮವರೇ ಆದ ಎದುರು ಪಕ್ಷ. ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಬಡವನ ಗದ್ದೆಯ ಮೀಥೇನನ್ನೂ ಸಿರಿವಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ವಾದಿಸಿದರು. ಹೊಣೆ ಹಂಚುವ ಮಾತಿನಲ್ಲಿ ಅದು ಗಟ್ಟಿ ವಾದ, ನಾನೂ ಅದರ ಪರ. ಆದರೆ ಅದನ್ನೇ ಹಿಡಿದು ಗದ್ದೆಯನ್ನು ಅಳೆಯುವುದೇ ಬೇಡ ಎನ್ನುವವರ ಜೊತೆ ನಾನಿಲ್ಲ. ಹೊಣೆ ಯಾರದೆಂಬುದು ಬೇರೆ ಮಾತು, ಎಷ್ಟೆಂಬುದು ಬೇರೆ. ಆ ದೊಡ್ಡ ಅಂಕಿಯನ್ನು ಉರುಳಿಸಿದ್ದು ನ್ಯಾಯದ ವಾದವಲ್ಲ, ಎ. ಪಿ. ಮಿತ್ರರ ಪೆಟ್ಟಿಗೆ.

ಹಳೆಯ ತಪ್ಪು ಈಗ ವೇಷ ಬದಲಿಸಿದೆ. ನೀರು ಬಸಿದು ತಗ್ಗಿಸಿದ ಮೀಥೇನಿಗೆ ಮಾರಬಹುದಾದ ಕಾರ್ಬನ್ ಕ್ರೆಡಿಟ್ ಸಿಗುತ್ತದೆ. ಎಂದೂ ಪೂರ್ತಿ ನೀರು ನಿಲ್ಲದ ಗದ್ದೆಯಲ್ಲಿ ಅದು ಸದಾ ನಿಲ್ಲುತ್ತಿತ್ತೆಂದು ತೋರಿಸಿದರೆ, ಉಳಿಸದ ಮೀಥೇನಿಗೂ ಕಾರ್ಬನ್ ಕ್ರೆಡಿಟ್ ಹುಟ್ಟುತ್ತದೆ. ಅಂದು ಉಬ್ಬಿದ ಅಂಕಿ ರೈತನ ಮೇಲೆ ಆರೋಪವಾಯಿತು, ಇಂದು ದಲ್ಲಾಳಿಗೆ ಲಾಭವಾಗಬಹುದು. ಇಂಥ ಕ್ರೆಡಿಟ್‌ಗಳನ್ನು ನೋಂದಾಯಿಸುವ ವೆರ್ರಾ ಸಂಸ್ಥೆ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿದ್ದು ನಮ್ಮ ಅಧಿಕಾರಿಗಳ ಗಮನದಲ್ಲಿರಲಿ.

ಸಭೆಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬೈಲು, ಮಜಲು, ಬೆಟ್ಟು ಮೂರರಲ್ಲೂ ನಾಟಿಯಿಂದ ಕೊಯ್ಲಿನವರೆಗೆ ಅಳೆಯಿರಿ. ತುಂಗಭದ್ರಾ ಅಚ್ಚುಕಟ್ಟಿನ ಕೆಳಭಾಗದಲ್ಲಿ ಕೂರಿಗೆಯಿಂದ ನೇರ ಬಿತ್ತಿದ ಭತ್ತವನ್ನೂ ಸೇರಿಸಿಕೊಳ್ಳಿ. ನೀರು ಬಸಿದಾಗ ಮೀಥೇನ್ ಇಳಿದರೂ ನೈಟ್ರಸ್ ಆಕ್ಸೈಡ್ ಏರಬಹುದು, ಅದರ ಬಿಸಿ ಡೈಆಕ್ಸೈಡಿನ ಸುಮಾರು 270 ಪಟ್ಟು. ಅದನ್ನು ಬಿಟ್ಟು ಪ್ರಬಂಧ ಮುಗಿಸಬೇಡಿ.