ಚದುರಂಗದ ಮಣೆಯೂ ಮಗಳ ಗಣಿತ ಪ್ರಾಜೆಕ್ಟೂ
(ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ಮೈಕ್ ಮುಂದೆ ನಿಂತು ಮಾತಾಡಿ ನನಗೆ ಅಭ್ಯಾಸ ಇಲ್ಲ. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು, ಇಲ್ಲಿ ಸೈತಾಮಾದಲ್ಲಿ ಕಟ್ಟಡಗಳ ವೈರಿಂಗ್ ಕೆಲಸ. ಗಣಿತದ ಮೇಷ್ಟ್ರಲ್ಲ. ಆದರೂ ಇವತ್ತು ಗಣಿತದ ವಿಷಯ ಹೇಳೋಕೆ ಬಂದಿದ್ದೀನಿ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮಲ್ಲಿ ಬಹಳ ಜನ ತೊಕುತೇ ಗಿನೋ ಒಂದನೇ ದರ್ಜೆ ವೀಸಾದವರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಾಗಿಲ್ಲ. ನನ್ನ ಮಗಳು ಅರಸೀಕೆರೆ ಹತ್ತಿರ ನಮ್ಮೂರಲ್ಲೇ ಏಳನೇ ಕ್ಲಾಸು. ಹೋದ ವರ್ಷ ಒಂದು ಭಾನುವಾರ ಫೋನ್ ಮಾಡಿ, "ಅಪ್ಪಾ, ಗಣಿತದ ಪ್ರಾಜೆಕ್ಟ್ ಮಾಡಬೇಕು. ಐನೂರು ರೂಪಾಯಿ ಕಳಿಸು, ಅಂಗಡೀಲಿ ರೆಡಿ ಮಾಡಿ ಕೊಡ್ತಾರೆ" ಅಂದಳು. ಕಳಿಸೋಕೆ ಹೊರಟೆ. ಆಮೇಲೆ ಮನಸ್ಸು ತಡೀತು. ಫೀಸಿಗೂ ದುಡ್ಡು, ಹಬ್ಬಕ್ಕೂ ದುಡ್ಡು, ಈಗ ಮಗು ಕಲಿಯೋದಕ್ಕೂ ದುಡ್ಡೇ ಕಳಿಸಿ ಕೈ ತೊಳ್ಕೊಂಡರೆ ನಾನು ಎಂಥಾ ಅಪ್ಪ? "ಇಬ್ಬರೂ ಸೇರಿ ಮಾಡೋಣ ಪುಟ್ಟಿ" ಅಂದೆ. ಅಂದುಬಿಟ್ಟೆನೇ ಹೊರತು ಏನು ಮಾಡೋದು ಅಂತ ಗೊತ್ತಿರಲಿಲ್ಲ.

ನಮ್ಮ ಸೈಟಿನಲ್ಲಿ ಊಟದ ಹೊತ್ತಿಗೆ ಇಬ್ಬರು ಹಿರಿಯ ಕೆಲಸಗಾರರು ಶೋಗಿ ಆಡ್ತಾರೆ. ಅದು ಜಪಾನಿನ ಚದುರಂಗ. ಅದನ್ನು ನೋಡ್ತಾ ಇದ್ದಾಗ, ಮಣೆಯಲ್ಲೇ ಲೆಕ್ಕ ಇದೆಯಲ್ಲ ಅನ್ನಿಸಿತು. ಆ ಸಂಜೆಯೇ ಶುರು ಮಾಡಿದೆವು. ಇಲ್ಲಿ ರಾತ್ರಿ ಎಂಟೂವರೆ ಆದರೆ ಊರಲ್ಲಿ ಸಂಜೆ ಐದು, ಅವಳು ಸ್ಕೂಲಿಂದ ಬಂದಿರ್ತಾಳೆ.

ಮೊದಲನೇ ಪ್ರಶ್ನೆ: ಚೆಸ್ ಮಣೆಯಲ್ಲಿ ಎಷ್ಟು ಚೌಕ? "64" ಅಂದಳು. ಎರಡಕ್ಕೆ ಎರಡರ ಚೌಕ, ಮೂರಕ್ಕೆ ಮೂರರ ಚೌಕ ಎಲ್ಲಾ ಎಣಿಸು ಅಂದೆ. 64, 49, 36, 25, 16, 9, 4, 1. ಕೂಡಿದರೆ 204. ಶೋಗಿ ಮಣೆ ಒಂಬತ್ತಕ್ಕೆ ಒಂಬತ್ತು, ಅಲ್ಲಿ 285.

ಎರಡನೇದು ರಾಗಿ ಲೆಕ್ಕ. ಮೊದಲ ಮನೆಗೆ ಒಂದು ಕಾಳು, ಆಮೇಲೆ ಪ್ರತಿ ಮನೆಗೂ ದುಪ್ಪಟ್ಟು. ಮೊದಲ ಸಾಲಿಗೆ ಬರೀ 255 ಕಾಳು. ಎರಡನೇ ಸಾಲು ಮುಗಿಯೋ ಹೊತ್ತಿಗೆ 65,535. ಪೂರ್ತಿ ಮಣೆಗೆ 1,84,46,74,40,73,70,95,51,615. ಮಗಳು ಎರಡನೇ ಸಾಲಲ್ಲೇ ಸುಸ್ತಾಗಿ ಕಾಳು ಬಿಟ್ಟು ಕಾಗದ ಹಿಡಿದಳು. ಸಾಲ ಮಾಡಿ ಇಲ್ಲಿಗೆ ಬಂದ ನಮಗೆ, ಬಡ್ಡಿ ಮೇಲೆ ಬಡ್ಡಿ ಹೇಗೆ ಏರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇದು ಕುದುರೆ ಲೆಕ್ಕ. ಕುದುರೆಯನ್ನು ಎಲ್ಲಾ ಮನೆಗೂ ಒಂದೊಂದೇ ಸಲ ಇಳಿಸಿ ಇಡೀ ಮಣೆ ಸುತ್ತಿಸಬೇಕು. ಆಯ್ಲರ್ ಎಂಬ ದೊಡ್ಡ ಗಣಿತಜ್ಞ 1759ರಲ್ಲಿ ಇದರ ಬೆನ್ನು ಬಿದ್ದಿದ್ದ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಇದರ ಹುಚ್ಚಿತ್ತು, ತಾವೇ ಇಂಥ ಸಂಚಾರಗಳನ್ನು ರಚಿಸಿದ್ದರು. ಕುದುರೆ ಇಳಿದ ಮನೆಗೆ 1, 2, 3 ಅಂತ 64ರವರೆಗೆ ನಂಬರ್ ಹಾಕಿದರೆ, ಕೆಲವು ಸಂಚಾರಗಳಲ್ಲಿ ಪ್ರತಿ ಅಡ್ಡಸಾಲೂ ಪ್ರತಿ ಕಂಬಸಾಲೂ ಕೂಡಿದಾಗ 260 ಬರುತ್ತೆ.

ಚಿಕ್ಕ ಮಣೆಯಿಂದ ಶುರು ಮಾಡು ಅಂದೆ. ಐದಕ್ಕೆ ಐದು ಗೆರೆ ಎಳೆದು, ಕಪ್ಪು ಬಿಳುಪು ಬಣ್ಣ ಹಚ್ಚಿದಳು. ಒಂದು ಉಪಾಯ ಇದೆ: ಮುಂದೆ ಹೋಗೋಕೆ ದಾರಿ ಕಡಿಮೆ ಇರುವ ಮನೆಗೆ ಮೊದಲು ಹೋಗಬೇಕು. ಮೂಲೆಯಿಂದ ಹೊರಟಾಗ ಅವಳಿಗೆ ಸಿಕ್ಕಿತು. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ನಾಲ್ಕು ದಿನ ಆದರೂ ಆಗಲಿಲ್ಲ. "ನನಗೆ ಬರಲ್ಲ ಅಪ್ಪಾ" ಅಂತ ಅತ್ತಳು. ಉತ್ತರ ಹೇಳಿಬಿಡೋಣ ಅನ್ನಿಸಿತು, ಹೇಳಲಿಲ್ಲ. "ಬಣ್ಣ ಎಣಿಸು" ಅಂದೆ ಅಷ್ಟೇ. ಮಾರನೇ ದಿನ ಅವಳೇ ಫೋನ್ ಮಾಡಿದಳು. ಮೂಲೆಯ ಬಣ್ಣದ ಮನೆ 13, ಇನ್ನೊಂದು ಬಣ್ಣದವು 12. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತೆ. 12ರ ಬಣ್ಣದಿಂದ ಹೊರಟರೆ ಆ ಬಣ್ಣದ ಮನೆ ಮೊದಲೇ ಮುಗಿದುಹೋಗುತ್ತೆ. "ನನಗೆ ಬರದೇ ಇದ್ದದ್ದಲ್ಲ ಅಪ್ಪಾ, ಅದು ಯಾರಿಗೂ ಆಗಲ್ಲ!" ಅಂದಳು. ಆ ಧ್ವನಿ ಇನ್ನೂ ಕಿವಿಯಲ್ಲಿದೆ.

ಆಮೇಲೆ ಶೋಗಿ ಮಣೆ. ನಮ್ಮ ಚೆಸ್ ಕುದುರೆ 81 ಮನೆಯನ್ನೂ ಸುತ್ತಿ, ಹೊರಟ ಮನೆಗೇ ವಾಪಸ್ ಬರಬಹುದಾ? ಇದು ನಮ್ಮ ಸ್ವಿಚ್ಚಿನ ಲೆಕ್ಕ. ಆರಿರುವ ಲೈಟಿನ ಸ್ವಿಚ್ಚನ್ನು 81 ಸಲ ಒತ್ತಿ, ಲೈಟು ಹತ್ತಿರುತ್ತೆ. ಹಾಗೇ 81 ನೆಗೆತ ಆದ ಮೇಲೆ ಕುದುರೆ ಬೇರೆ ಬಣ್ಣದಲ್ಲಿರುತ್ತೆ, ಹೊರಟ ಮನೆಗೆ ಬರೋಕೆ ಸಾಧ್ಯವೇ ಇಲ್ಲ. 64 ಸಮಸಂಖ್ಯೆ, ಅಲ್ಲಿ ಈ ಅಡ್ಡಿ ಇಲ್ಲ, ಚೆಸ್ ಮಣೆಯಲ್ಲಿ ವಾಪಸ್ ಬರಬಹುದು.

ಶೋಗಿಯದ್ದೇ ಕುದುರೆ ಬೇರೆ ಥರ, ಅದರ ಹೆಸರು ಕೇಮಾ. ಮುಂದಕ್ಕೆ ಮಾತ್ರ ನೆಗೆಯುತ್ತೆ. ಇದನ್ನು ಹೇಳಿದಾಗ ಮಗಳು, "ಹಂಗಾದ್ರೆ ಅದು ವಾಪಸ್ ಬರೋದೇ ಇಲ್ವಾ?" ಅಂದಳು. ಎದುರಾಳಿಯ ಕೊನೇ ಮೂರು ಸಾಲು ತಲುಪಿ ಬಡ್ತಿ ಪಡೆದರೆ ಒಂದೊಂದೇ ಹೆಜ್ಜೆ ಹಿಂದಕ್ಕೂ ಬರುತ್ತೆ ಅಂದೆ. "ನಿಂಗೆ ಯಾವಾಗಪ್ಪಾ ಬಡ್ತಿ?" ಅಂತ ಕೇಳಿದಳು. ನೀವು ನಗ್ತಾ ಇದ್ದೀರಿ, ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಪ್ರಾಜೆಕ್ಟಿಗೆ ಬಹುಮಾನ ಬರಲಿಲ್ಲ. ಅಂಗಡಿಯ ಥರ್ಮಾಕೋಲ್ ಮಾದರಿಗೆ ಬಂತು. ಆದರೆ ಮೇಡಂ ಕೇಳಿದ ಪ್ರಶ್ನೆಗೆಲ್ಲ ಮಗಳು ಬೋರ್ಡಿನ ಮುಂದೆ ನಿಂತು ಉತ್ತರ ಕೊಟ್ಟಳಂತೆ. ಖರ್ಚಾಗಿದ್ದು ಎರಡು ಚಾರ್ಟ್ ಪೇಪರ್, ಒಂದು ಹಿಡಿ ರಾಗಿ.

ಅಣ್ಣಂದಿರೇ, ತಮ್ಮಂದಿರೇ, ನನ್ನದು ಇಷ್ಟೇ ಕೋರಿಕೆ. ಮಕ್ಕಳು ಪ್ರಾಜೆಕ್ಟ್ ಅಂತ ಫೋನ್ ಮಾಡಿದರೆ ತಕ್ಷಣ ದುಡ್ಡು ಹಾಕಬೇಡಿ. ದಿನಕ್ಕೆ ಅರ್ಧ ಗಂಟೆ ಇಡಿ. ಉತ್ತರ ಹೇಳಬೇಡಿ, "ಯಾಕೆ?" ಅಂತ ಕೇಳಿ. ಅದಕ್ಕೆ ಡಿಗ್ರಿ ಬೇಕಾಗಿಲ್ಲ.